ನಾಯಿ ಕಚ್ಚಿದ್ದು ಒಂದೇ ಸಲ, ಹೆದರಿಕೆ ಬೆಳೆದದ್ದು ದಿನಾ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹುಡುಗನನ್ನು ಚೇತನ್ ಎಂದು ಕರೆಯೋಣ. ಎಂಟು ವರ್ಷ, ಮೂರನೇ ಕ್ಲಾಸು. ಅಪ್ಪ, ಅಮ್ಮ, ಅಜ್ಜಿ ಮೂವರೂ ಸಲಹೆ ಕೇಳಲು ಅವನನ್ನು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಮಾತು ಶುರು ಮಾಡಿದ್ದು ಅಮ್ಮ.

"ಮೇಡಂ, ಇವನಿಗೆ ನಾಯಿ ಕಚ್ಚಿತ್ತು. ಅದಕ್ಕೇ ನಾಯಿ ಕಂಡ್ರೆ ಹೆದರ್ತಾನೆ, ಅದು ಗೊತ್ತು. ಆದ್ರೆ ಈಗೀಗ ಪ್ಲಾಸ್ಟಿಕ್ ಕವರ್ ಸದ್ದಾದ್ರೂ ಬೆಚ್ಚಿಬೀಳ್ತಾನೆ. ತರಕಾರಿ ಕವರ್ ಬಿಚ್ಚೋ ಹಾಗಿಲ್ಲ. ಇದೇನು ಅಂತಾನೇ ಅರ್ಥ ಆಗ್ತಿಲ್ಲ."

ಹತ್ತು ತಿಂಗಳ ಹಿಂದಿನ ಘಟನೆ ಅದು. ಸಂಜೆ ಹೊತ್ತು ಹಾಲು ತರಲು ಬೀದಿ ಕೊನೆಯ ಅಂಗಡಿಗೆ ಹೋಗಿದ್ದಾನೆ. ಬರುವಾಗ ಮರಿ ಹಾಕಿದ್ದ ನಾಯಿಯೊಂದು ಗುರ್ ಎಂದಿದೆ. ಇವನು ಓಡಿದ್ದಾನೆ, ಅದು ಅಟ್ಟಿಸಿಕೊಂಡು ಬಂದು ಮೀನಖಂಡಕ್ಕೆ ಬಾಯಿ ಹಾಕಿದೆ. ಮನೆಯವರು ಮಾಡಬೇಕಾದದ್ದನ್ನೆಲ್ಲ ಸರಿಯಾಗಿ ಮಾಡಿದ್ದರು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಆಗಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನದ ಇಂಜೆಕ್ಷನ್ ಒಂದನ್ನೂ ತಪ್ಪಿಸಿರಲಿಲ್ಲ. ಗಾಯ ಬೇಗ ಮಾಯಿತು.

ಚೇತನ್ ಬಳಿ ಒಬ್ಬನೇ ಇದ್ದಾಗ ಕೇಳಿದೆ, ಅವತ್ತು ಏನೇನಾಯ್ತು, ನಿಧಾನವಾಗಿ ಹೇಳು ಅಂತ. ಹಾಳೆಯ ಮೇಲೆ ಅಂಗಡಿ ಬಿಡಿಸಿದ, ಲೈಟು ಕಂಬ ಬಿಡಿಸಿದ. ಆಮೇಲೆ ಹೇಳಿದ: "ನಾನು ಓಡ್ತಾ ಇದ್ನಲ್ಲ, ಕೈಯಲ್ಲಿ ಹಾಲಿನ ಕವರ್ ಪರಪರ ಪರಪರ ಅಂತಿತ್ತು. ಆಮೇಲೆ ಕಚ್ತು."

ಕವರ್ ಸದ್ದಿನ ವಿಷಯ ಅಲ್ಲಿಗೆ ತಿಳಿಯಾಯಿತು. ಬಿ.ಎಡ್. ಓದಿದವರಿಗೆಲ್ಲ ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ಗೊತ್ತಿರುತ್ತದೆ. ಊಟ ತರುವವನ ಹೆಜ್ಜೆ ಸದ್ದಿಗೇ ಅವರ ಲ್ಯಾಬಿನ ನಾಯಿಗಳ ಬಾಯಲ್ಲಿ ನೀರೂರುತ್ತಿತ್ತು. ಸದ್ದು ಮೊದಲು, ಊಟ ಆಮೇಲೆ. ಎರಡೂ ಸೇರಿ ಸೇರಿ ಸದ್ದೇ ಸಾಕಾಯಿತು. ಹೆದರಿಕೆಯೂ ಹೀಗೇ ಅಂಟಿಕೊಳ್ಳುತ್ತದೆ. ಆದರೆ ಹೆದರಿಕೆಗೆ ಹಲವು ಸಲ ಬೇಕಿಲ್ಲ, ಏಟು ಜೋರಾಗಿದ್ದರೆ ಒಂದು ಸಲವೇ ಸಾಕು. ಆ ಕ್ಷಣದಲ್ಲಿ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು, ಮೂಗಿಗೆ ಬಡಿದದ್ದು ಯಾವುದು ಬೇಕಾದರೂ ಮುಂದೆ ಅಪಾಯದ ಸೂಚನೆ ಆಗಬಹುದು. ಚೇತನನ ಪಾಲಿಗೆ ನಾಯಿ, ಆ ಬೀದಿ, ಸಂಜೆಗತ್ತಲು, ಕವರ್ ಎಲ್ಲವೂ ಒಂದೇ ಗಂಟಿಗೆ ಸೇರಿಹೋಗಿದ್ದವು. ಮೊದಲು ಆ ಒಂದು ನಾಯಿ, ಆಮೇಲೆ ಯಾವ ನಾಯಿಯಾದರೂ ಸರಿ, ಕೊನೆಗೆ ಟಿವಿಯಲ್ಲಿ ಬೊಗಳಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಇದು ನಾಟಕವೂ ಅಲ್ಲ, ಹಟವೂ ಅಲ್ಲ ಎಂದು ಅಪ್ಪನಿಗೆ ಮೊದಲೇ ಸ್ಪಷ್ಟವಾಗಿ ಹೇಳಿದೆ. ಅವರಿಗೆ ಆ ಅನುಮಾನ ಇತ್ತು.

ನನಗೆ ಇದಕ್ಕಿಂತ ಮುಖ್ಯ ಅನಿಸಿದ ಪ್ರಶ್ನೆ ಬೇರೆ. ಹತ್ತು ತಿಂಗಳಲ್ಲಿ ಇನ್ನೊಂದು ನಾಯಿ ಇವನನ್ನು ಮುಟ್ಟಿಲ್ಲ. ಹಾಗಾದರೆ ಹೆದರಿಕೆ ತಾನಾಗಿ ಕಡಿಮೆ ಆಗಬೇಕಿತ್ತು, ಅಲ್ವಾ? ಜಾಸ್ತಿ ಆಗಿದ್ದು ಯಾಕೆ?

ಇದಕ್ಕೆ ಉತ್ತರ ಮನೆಯ ದಿನಚರಿಯಲ್ಲೇ ಇತ್ತು. ಸ್ಕೂಲ್ ವ್ಯಾನು ನಿಲ್ಲುವುದು ಬೀದಿ ತುದಿಯಲ್ಲಿ. ಬೆಳಿಗ್ಗೆ ಚೇತನ್ ನಡೆದು ಹೋಗಲ್ಲ ಅಂತಾನೆ. ಅಪ್ಪ ಮೊದಲು ಆಗಲ್ಲ ಅಂತಾರೆ. ಅವನು ಅಳುತ್ತಾನೆ. ಕೆಲವು ದಿನ ಅಪ್ಪ ಗದರಿಸಿ ನಡೆಸುತ್ತಾರೆ, ಕೆಲವು ದಿನ ಟೈಮಾಯ್ತು ಅಂತ ಬೈಕಿನಲ್ಲಿ ಬಿಡುತ್ತಾರೆ. ಬೈಕ್ ಹತ್ತಿದ ತಕ್ಷಣ ಹುಡುಗನ ಎದೆಬಡಿತ ಇಳಿಯುತ್ತದೆ. ಆ ನೆಮ್ಮದಿ ಇದೆಯಲ್ಲ, ಅದೇ ಬಹುಮಾನ. ಚಾಕ್ಲೇಟಿಗಿಂತ ದೊಡ್ಡ ಬಹುಮಾನ. ತಪ್ಪಿಸಿಕೊಂಡೆ, ಬದುಕಿದೆ ಎಂದು ಮೈ ಕಲಿಯುತ್ತದೆ. ನಾಯಿ ಎದುರು ಸುಮ್ನೆ ನಡೆದು ಹೋದರೂ ಏನೂ ಆಗುವುದಿಲ್ಲ ಎನ್ನುವುದನ್ನು ಕಲಿಯಲು ಅವಕಾಶವೇ ಸಿಗುವುದಿಲ್ಲ. ಹೆದರಿಕೆ ಹುಟ್ಟುವ ದಾರಿ ಒಂದು, ಅದು ಉಳಿಯುವ ದಾರಿ ಇನ್ನೊಂದು ಎಂದು ಮೌರರ್ ಎಂಬ ಮನಶ್ಶಾಸ್ತ್ರಜ್ಞ 1947ರಲ್ಲೇ ಹೇಳಿದ್ದರು. ನನ್ನ ಬಳಿ ಬರುವ ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಅಪ್ಪ ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಇದ್ದದ್ದು ವಿಷಯವನ್ನು ಇನ್ನಷ್ಟು ಗಟ್ಟಿ ಮಾಡಿತ್ತು. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇಲಿ, ಪಾರಿವಾಳಗಳ ಮೇಲಿನ ತಮ್ಮ ಪ್ರಯೋಗಗಳಲ್ಲಿ ಕಂಡುಕೊಂಡದ್ದು ಇದನ್ನೇ. ಪ್ರತಿ ಸಲ ಕಾಳು ಸಿಗುವುದಕ್ಕಿಂತ, ಯಾವಾಗಲೋ ಒಮ್ಮೆ ಸಿಕ್ಕರೆ ಆ ಅಭ್ಯಾಸ ಬಿಡುವುದು ಕಷ್ಟ. ಹತ್ತು ನಿಮಿಷ ಅತ್ತರೆ ಬೈಕ್ ಸಿಗಲಿಲ್ಲ, ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು ಅಂದರೆ ಮಗು ನಾಳೆ ಇಪ್ಪತ್ತು ನಿಮಿಷ ಅಳುತ್ತದೆ. ಲೆಕ್ಕ ಹಾಕಿ ಅಲ್ಲ. ಅದಕ್ಕೇ ಗೊತ್ತಿಲ್ಲದೆ.

ಅಜ್ಜಿಯ ವಿಷಯ ಹೇಳಲೇಬೇಕು. ಮೊಮ್ಮಗನ ಮೇಲೆ ಅವರಿಗೆ ಜೀವ. ಹೆದರಿಕೆ ಹೋಗಲಿ ಎಂದು ದೃಷ್ಟಿ ತೆಗೆದಿದ್ದರು, ತಾಯತ ಕಟ್ಟಿಸಿದ್ದರು. ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಆದರೆ ರಾತ್ರಿ ಊಟಕ್ಕೆ ಸತಾಯಿಸಿದರೆ ಅವರ ಬಾಯಲ್ಲಿ ಬರುತ್ತಿದ್ದದ್ದು, "ತಿನ್ನಲ್ವಾ? ತಾಳು, ನಾಯಿ ಕರೀತೀನಿ!"

"ಹಾಗಂದ್ರೆ ಗಬಗಬ ತಿಂತಾನಮ್ಮ," ಎಂದರು ನನ್ನ ಹತ್ತಿರ. ತಿನ್ನುತ್ತಾನೆ, ನಿಜ. ಅದಕ್ಕೇ ಅಜ್ಜಿಗೂ ಆ ಮಾತು ರೂಢಿಯಾಯಿತು. ಮೊಮ್ಮಗ ಗಬಕ್ಕನೆ ತುತ್ತು ನುಂಗುವುದೇ ಅವರಿಗೆ ಸಿಗುವ ಬಹುಮಾನ. ಮಗು ಮಾತ್ರ ಕಲಿಯುತ್ತದೆ, ದೊಡ್ಡವರು ಕಲಿಸುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಮನೆಯಲ್ಲಿ ನಾಲ್ವರೂ ಒಬ್ಬರಿಂದ ಒಬ್ಬರು ಕಲಿಯುತ್ತಿದ್ದರು.

ಅಮ್ಮನಿಗೆ ಮೊದಲು ನಾಯಿ ಭಯ ಇರಲಿಲ್ಲವಂತೆ. ಮಗನಿಗೆ ಕಚ್ಚಿದ ಮೇಲೆ ಬಂದದ್ದು. ಬೀದಿಯಲ್ಲಿ ಹೇಗೆ ನಡೆಯುತ್ತೀರಿ, ಇಲ್ಲೇ ಮಾಡಿ ತೋರಿಸಿ ಎಂದೆ. ಎದ್ದು ಮಗನ ಕೈ ಹಿಡಿದರು. "ದೂರದಲ್ಲಿ ಒಂದು ನಾಯಿ ಮಲಗಿದೆ ಅಂದ್ಕೊಳ್ಳಿ" ಅಂದೆ, ಅಷ್ಟೇ. ಅವರ ಬೆರಳು ಬಿಗಿಯಾದವು, ಹೆಜ್ಜೆ ಅಡ್ಡ ಬಿತ್ತು, ಹುಡುಗನನ್ನು ತಮ್ಮ ಹಿಂದಕ್ಕೆ ಎಳೆದುಕೊಂಡರು. ಬಾಯಲ್ಲಿ ಮಾತ್ರ "ಏನೂ ಆಗಲ್ಲ ಪುಟ್ಟಾ, ಏನೂ ಆಗಲ್ಲ" ಅಂತಿದ್ದರು. ಹುಡುಗ ಬಾಯಿ ಮಾತು ಕೇಳಲಿಲ್ಲ, ಕೈಯ ಮಾತು ಕೇಳಿದ. ನಾಯಿ ಇಲ್ಲದ ರೂಮಿನಲ್ಲೇ ಅವನ ಮುಖ ಬಿಳಿಚಿಕೊಂಡಿತು.

ಮಕ್ಕಳು ನೋಡಿ ಕಲಿಯುವ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ 1961ರ ಗೊಂಬೆ ಪ್ರಯೋಗ ಬಹಳ ಜನಕ್ಕೆ ಗೊತ್ತು. ದೊಡ್ಡವರು ಗೊಂಬೆಗೆ ಹೊಡೆದದ್ದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆದರು. ಆದರೆ ಚೇತನನ ಮನೆಯವರಿಗೆ ನಾನು ಹೇಳಿದ್ದು ಬಂಡೂರ ಅವರ ಇನ್ನೊಂದು ಕೆಲಸದ ಬಗ್ಗೆ. 1967ರಲ್ಲಿ ಬಂಡೂರ ಮತ್ತು ಅವರ ಜೊತೆಗಾರರು ನಾಯಿಗೆ ಹೆದರುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಹೆದರಿಕೆ ಇಲ್ಲದ ನಾಲ್ಕು ವರ್ಷದ ಹುಡುಗನೊಬ್ಬ ನಾಯಿಯ ಜೊತೆ ದಿನದಿಂದ ದಿನಕ್ಕೆ ಇನ್ನಷ್ಟು ಹತ್ತಿರವಾಗಿ ಆಡುವುದನ್ನು ಅವರಿಗೆ ತೋರಿಸಿದರು, ಅಷ್ಟೇ. ಆ ಮಕ್ಕಳು ನಾಯಿಯ ಹತ್ತಿರ ಹೋಗುವುದು ಹೆಚ್ಚಾಯಿತು. ನೋಡಿ ಹೆದರಿಕೆ ಕಲಿಯಬಹುದಾದರೆ ನೋಡಿ ಧೈರ್ಯವನ್ನೂ ಕಲಿಯಬಹುದು. ಇದನ್ನು ಕೇಳಿದಾಗ ಅಮ್ಮನ ಮುಖ ಸ್ವಲ್ಪ ಹಗುರಾಯಿತು. ಅಲ್ಲಿಯವರೆಗೂ ಎಲ್ಲ ತಮ್ಮ ತಪ್ಪು ಎಂದೇ ಕೂತಿದ್ದರು.

ಇನ್ನು ಕೊಟ್ಟ ಸಲಹೆ.

ಮೊದಲನೆಯದು, ನಾಯಿ ಹೆಸರು ಹೇಳಿ ಹೆದರಿಸುವುದು ಅಂದಿನಿಂದಲೇ ಬಂದ್. ಅಜ್ಜಿಗೆ ಬೇರೆ ಕೆಲಸ ಕೊಟ್ಟೆ. ಊಟದ ಹೊತ್ತಿಗೆ ಅವರು ಕತೆ ಹೇಳಬೇಕು. ಎರಡು ತುತ್ತು ಕಡಿಮೆ ತಿಂದರೂ ಪರವಾಗಿಲ್ಲ.

ಎರಡನೆಯದು, ಬಲವಂತ ಬೇಡ. ಅಪ್ಪ ಒಂದು ಭಾನುವಾರ "ಗಂಡುಹುಡುಗ ಹೆದರೋದೇನು" ಎಂದು ಪಕ್ಕದ ಮನೆ ನಾಯಿಯ ಎದುರಿಗೆ ಅವನನ್ನು ಎತ್ತಿ ಹಿಡಿದಿದ್ದರು. ಅವನು ಕಿರುಚಿ ಒದ್ದಾಡಿದ. ಆವತ್ತಿನಿಂದ ಅಪ್ಪನ ಜೊತೆ ಬೀದಿಗೆ ಹೋಗಲೂ ಹಿಂದೇಟು. ಅಪ್ಪನೂ ಆ ಗಂಟಿಗೆ ಸೇರಿಬಿಟ್ಟಿದ್ದರು.

ಬಲವಂತ ಬೇಡ, ತಪ್ಪಿಸಿಕೊಳ್ಳುವುದೂ ಬೇಡ. ಮತ್ತೇನು? ಇದಕ್ಕೆ ಹಳೆಯ, ಚೆನ್ನಾಗಿ ಪರೀಕ್ಷೆಯಾದ ದಾರಿ ಇದೆ. ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1924ರಲ್ಲಿ ಪೀಟರ್ ಎಂಬ ಪುಟ್ಟ ಮಗುವಿನ ಬಗ್ಗೆ ಬರೆದರು. ಇಲಿ, ಮೊಲ, ತುಪ್ಪಳದ ಕೋಟು, ಹತ್ತಿ ಯಾವುದು ಕಂಡರೂ ಅವನಿಗೆ ಭಯ. ಅವನು ಊಟಕ್ಕೆ ಕೂತಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಡುತ್ತಿದ್ದರು. ಊಟಕ್ಕೆ ತೊಂದರೆ ಆಗದಷ್ಟು ದೂರ. ಪ್ರತಿ ಸಲ ಇನ್ನಷ್ಟು ಹತ್ತಿರ. ಮೊಲಕ್ಕೆ ಹೆದರದ ಮಕ್ಕಳನ್ನೂ ಜೊತೆಗೆ ಬಿಡುತ್ತಿದ್ದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ.

ಚೇತನ್ ಮತ್ತು ನಾನು ಕೂತು ಒಂದು ಪಟ್ಟಿ ಮಾಡಿದೆವು. ಯಾವುದಕ್ಕೆ ಎಷ್ಟು ಹೆದರಿಕೆ, ಹತ್ತಕ್ಕೆ ಅಂಕ ಕೊಡು ಅಂದೆ. ಕವರ್ ಸದ್ದಿಗೆ ಮೂರು. ನಾಯಿ ಚಿತ್ರಕ್ಕೆ ಎರಡು. ಸದ್ದಿಲ್ಲದ ವಿಡಿಯೋ ನಾಲ್ಕು, ಸದ್ದಿರುವುದು ಐದು. ತಾರಸಿಯಿಂದ ನಾಯಿ ನೋಡುವುದು ಐದು. ಗೇಟಿನ ಆಚೆ ಕಟ್ಟಿಹಾಕಿದ ನಾಯಿ ಏಳು. ಅತ್ತೆ ಮನೆಯ ಮುದಿ ನಾಯಿಯ ಪಕ್ಕ ಕೂರುವುದು ಒಂಬತ್ತು. ಬೀದಿಯಲ್ಲಿ ನಡೆಯುವುದು ಹತ್ತು ಎಂದು ಬರೆದು ಎರಡು ಗೆರೆ ಎಳೆದ.

ಶುರು ಮಾಡಿದ್ದು ಚಿತ್ರದಿಂದ, ಆಮೇಲೆ ಕವರಿನಿಂದ. ದಿನಾ ಸಂಜೆ ಅಮ್ಮ ಅವನಿಗೆ ಇಷ್ಟವಾದ ಚುರುಮುರಿಯನ್ನು ಕವರಿನಲ್ಲಿ ಹಾಕಿ ಕಟ್ಟಿಡುವುದು, ಅವನೇ ಬಿಚ್ಚಿ ತಿನ್ನುವುದು. ಮೊದಲ ದಿನ ಗಂಟು ಬಿಚ್ಚಿ ಕೈ ಹಿಂದಕ್ಕೆ ಎಳೆದುಕೊಂಡನಂತೆ. ವಾರ ಕಳೆಯುವಷ್ಟರಲ್ಲಿ ಕವರ್ ಅವನಿಗೆ ಚುರುಮುರಿಯ ಸದ್ದಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪಟ್ಟಿಯಲ್ಲಿ ಬರೆದ ಒಂದೊಂದೂ ಒಂದು ಮೆಟ್ಟಿಲು, ಯಾವ ಮೆಟ್ಟಿಲಿನಲ್ಲೂ ಹೆದರಿಕೆ ನೆತ್ತಿಗೇರಿದಾಗ ಎದ್ದು ಬರಬಾರದು. ಕೊಟ್ಟ ಅಂಕ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಸಾಮಾನ್ಯವಾಗಿ ಇಳಿಯುತ್ತದೆ. ನಡುವೆ ಎದ್ದು ಬಂದರೆ ಮೈ ಕಲಿಯುವುದು ಮತ್ತೆ ಅದೇ ಹಳೆಯ ಪಾಠವನ್ನು. ತೀರಾ ತಡೆಯಲಾಗದಿದ್ದರೆ ಆ ಮೆಟ್ಟಿಲು ಎತ್ತರ ಆಯ್ತು ಎಂದು ತಿಳಿದು, ನಾಲ್ಕು ಹೆಜ್ಜೆ ದೂರ ಹೋಗಿ ಅಲ್ಲಿ ನಿಲ್ಲಿ, ಮನೆಗೆ ಓಡಬೇಡಿ ಅಂದೆ.

ಹೊಗಳುವುದರ ಬಗ್ಗೆಯೂ ಮಾತಾಡಿದೆವು. "ನೀನು ಹೆದರಲೇ ಇಲ್ಲ, ಶಭಾಷ್" ಅನ್ನಬೇಡಿ, ಅವನು ಹೆದರಿದ್ದು ಅವನಿಗೆ ಗೊತ್ತು. "ಹೆದರಿಕೆ ಇದ್ದರೂ ಗೇಟಿನ ಹತ್ತಿರ ನಿಂತೆಯಲ್ಲ" ಅನ್ನಿ. ಆಗಲೇ ಅನ್ನಿ, ರಾತ್ರಿ ನೆನಪಾದಾಗ ಅಲ್ಲ. ಬಹುಮಾನ ಏನು ಬೇಕು ಎಂದು ಅವನನ್ನೇ ಕೇಳಿದಾಗ, ಅಪ್ಪನ ಜೊತೆ ತಾರಸಿಯಲ್ಲಿ ಕ್ರಿಕೆಟ್ ಎಂದ. ಅಪ್ಪ ಮೊಬೈಲು ಕೆಳಗಿಟ್ಟು ಆಡಬೇಕು, ಅದು ಅವನ ಷರತ್ತು. ಮೆಟ್ಟಿಲು ಹತ್ತುವ ಮುಂಚೆಯೇ ಮಾತಾಗಿರಬೇಕು, ಹತ್ತಿದ ಮೇಲೆ ಕೊಡಬೇಕು. ಅಳುತ್ತಿರುವಾಗ ಸುಮ್ಮನಾಗಲಿ ಎಂದು ಕೊಟ್ಟರೆ ಅದು ಅಳುವಿಗೆ ಸಿಕ್ಕ ಬಹುಮಾನ.

ಬೈಕಿನ ಬದಲು ವ್ಯಾನಿನವರೆಗೆ ಅಪ್ಪ ಜೊತೆಗೆ ನಡೆಯಬೇಕೆಂದು ತೀರ್ಮಾನವಾಯಿತು. ಮೊದಲು ಕೆಲವು ದಿನ ಅಳು ಜಾಸ್ತಿ ಆಗುತ್ತದೆ, ಕೆಟ್ಟುಹೋಯಿತು ಎಂದು ಕೈಬಿಡಬೇಡಿ ಎಂದು ಮುಂಚೆಯೇ ಎಚ್ಚರಿಸಿದ್ದೆ. ಹಾಗೇ ಆಯಿತು. ಅಪ್ಪ ಗಟ್ಟಿಯಾಗಿ ನಿಂತರು, ಗದರಲಿಲ್ಲ. ಅಮ್ಮನಿಗೂ ಅವರದೇ ಪಟ್ಟಿ ಇತ್ತು. ಮಗನಿಲ್ಲದ ಹೊತ್ತಿನಲ್ಲಿ ಬೀದಿಯಲ್ಲಿ ನಿಧಾನವಾಗಿ ನಡೆಯುವುದು, ಬೆರಳು ಸಡಿಲ ಬಿಡುವುದು. ಅತ್ತೆ ಮನೆಯ ನಾಯಿಗೆ ಮೊದಲು ರೊಟ್ಟಿ ಹಾಕಿದ್ದು ಅವನ ಆರು ವರ್ಷದ ಕಸಿನ್, ಆಮೇಲೆ ಅಮ್ಮ, ಮೂರನೆಯವನು ಚೇತನ್.

ಬೀದಿ ನಾಯಿಯ ಭಯಕ್ಕೆ ಆಧಾರವೇ ಇಲ್ಲ ಎಂದು ನಾನು ಹೇಳಲಿಲ್ಲ. ಆಧಾರ ಇದೆ. ಅದಕ್ಕೇ ಅವನಿಗೆ ಭಯದ ಜಾಗದಲ್ಲಿ ಬೇರೆ ಏನಾದರೂ ಬೇಕಿತ್ತು. ಓಡಬಾರದು, ಓಡಿದರೆ ಅಟ್ಟುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈ ಕೆಳಗೆ ಬಿಟ್ಟು ಅಲ್ಲಾಡದೆ ನಿಲ್ಲಬೇಕು, ಅದು ಆಚೆ ಹೋದ ಮೇಲೆ ನಿಧಾನವಾಗಿ ಸರಿಯಬೇಕು. ಮಲಗಿರುವ, ತಿನ್ನುತ್ತಿರುವ, ಮರಿ ಜೊತೆಗಿರುವ ನಾಯಿಯ ಹತ್ತಿರ ಹೋಗಲೇಬಾರದು. ಇದನ್ನು ರೂಮಿನಲ್ಲಿ ಆಟದಂತೆ ಅಭ್ಯಾಸ ಮಾಡಿದೆವು. ನಾನು ನಾಯಿಯಾದೆ, ಅವನು ನಿಂತ. ಆ ಬೀದಿಯ ನಾಯಿಗಳಿಗೆ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಹಾಕಿಸಲು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಡಿ ಎಂದು ಅಪ್ಪನಿಗೆ ಹೇಳಿದೆ, ಕೊಟ್ಟರು.

ನಡುವೆ ಒಮ್ಮೆ ಎಲ್ಲ ಹಿಂದಕ್ಕೆ ಬಿತ್ತು. ಜ್ವರ ಬಂದು ಕೆಲವು ದಿನ ಮನೆಯಲ್ಲೇ ಇದ್ದ. ಮತ್ತೆ ಬೀದಿಗಿಳಿದ ದಿನವೇ ಒಂದು ನಾಯಿ ಕಾರಿನ ಅಡಿಯಿಂದ ಬೊಗಳಿಕೊಂಡು ಬಂತು. ಅಮ್ಮ ಫೋನಿನಲ್ಲಿ ಅಳುತ್ತಿದ್ದರು. ಅವರಿಗೆ ಪೀಟರನ ಉಳಿದ ಕತೆ ಹೇಳಿದೆ. ಅವನಿಗೂ ಚಿಕಿತ್ಸೆಯ ನಡುವೆ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಸೇರಿದ್ದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಅವನ ಮೇಲೂ ನರ್ಸ್ ಮೇಲೂ ಎರಗಿತು. ನರ್ಸ್ ಕೂಡ ಹೆದರಿದರು. ಅವನ ಹೆದರಿಕೆಯೆಲ್ಲ ಮರಳಿ ಬಂತು. ಊಟದ ಜೊತೆ ಮೊಲ ತರುವ ವಿಧಾನ ಶುರುವಾದದ್ದೇ ಅದಾದ ಮೇಲೆ. ಕಲಿತ ಹೆದರಿಕೆ ಪೂರ್ತಿ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದೊಂದು ಕಲಿಕೆ ಕೂರುತ್ತದೆ. ಹಳೆಯದು ಆಗಾಗ ತಲೆ ಎತ್ತಬಹುದು. ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿದರಾಯಿತು. ಚೇತನ್ ಎರಡನೇ ಸಲ ಹತ್ತಿದ್ದು ಮೊದಲಿಗಿಂತ ಬೇಗ.

ಈಗ ಅವನು ವ್ಯಾನಿಗೆ ನಡೆದೇ ಹೋಗುತ್ತಾನೆ. ನಾಯಿ ಇಷ್ಟ ಅಂತೇನೂ ಇಲ್ಲ, ಇಷ್ಟವಾಗಬೇಕೆಂದು ನಾವು ಕೇಳಿಯೂ ಇರಲಿಲ್ಲ. ಸಂಜೆಗತ್ತಲಲ್ಲಿ ಒಬ್ಬನೇ ಅಂಗಡಿಗೆ ಹೋಗುವ ಮೆಟ್ಟಿಲು ಇನ್ನೂ ಬಾಕಿ ಇದೆ.

ಇಂಥ ಹೆದರಿಕೆ ನಿಮ್ಮ ಮನೆಯಲ್ಲೂ ಇದ್ದರೆ ಸಣ್ಣ ಮೆಟ್ಟಿಲುಗಳನ್ನು ನೀವೇ ಶುರು ಮಾಡಬಹುದು. ಆದರೆ ಮಗು ರಾತ್ರಿ ಕಿರುಚಿ ಏಳುತ್ತಿದ್ದರೆ, ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದ್ದರೆ, ಶಾಲೆಯೇ ಬೇಡ ಅನ್ನುತ್ತಿದ್ದರೆ ಕಾಯಬೇಡಿ, ಮನೋವೈದ್ಯರನ್ನೋ ಮಕ್ಕಳ ಆಪ್ತಸಲಹೆಗಾರರನ್ನೋ ನೋಡಿ. ಎಲ್ಲಿ ಹೋಗುವುದು ಎಂದು ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.