ರೇಡಾರ್‌ನಿಂದ ಬೋಟು ಗುರುತಿಸಲು ಎಷ್ಟು ಬ್ಯಾಂಡ್‌ವಿಡ್ತ್ ಬೇಕು?

ಮಲ್ಪೆಯ ಬೋಟುಗಳನ್ನು ರೇಡಾರ್ ಪ್ರತಿಧ್ವನಿಯಿಂದ ಗುರುತಿಸುವ ಪ್ರಾಜೆಕ್ಟಿಗೆ 150 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ರೇಡಾರ್ ಕಳಿಸುವ ಅಲೆಯ ಆವರ್ತನಗಳ ಹರವು) ಸಾಕೇ, 500 ಇಟ್ಟರೆ ಜಾಮಿಂಗ್‌ನಿಂದ, ಅಂದರೆ ರೇಡಾರನ್ನು ಬೇಕೆಂದೇ ಕೆಡಿಸುವ ಅಲೆಗಳಿಂದ, ಪಾರಾಗಬಹುದೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಹಿಡಿದದ್ದೂ ಇದೇ ವಿಷಯ. ಮೀನುಗಾರಿಕೆ ನಿಷೇಧದ ಜೂನ್‌-ಜುಲೈಯಲ್ಲಿ ದಕ್ಕೆಯಲ್ಲಿ ಕಟ್ಟಿದ್ದ ಟ್ರಾಲ್ ಬೋಟುಗಳನ್ನು ಮಳೆಯಲ್ಲಿ ನೆನೆಯುತ್ತ ಟೇಪು ಹಿಡಿದು ಅಳೆದೆ. ಸರ್ಕಾರದ ಸರ್ವೆಯವನೆಂದುಕೊಂಡ ಮಾಲೀಕರೊಬ್ಬರು ಡೀಸೆಲ್ ಸಬ್ಸಿಡಿ ಯಾವಾಗ ಬರುತ್ತದೆ ಎಂದು ವಿಚಾರಿಸಿದರು! ಆ ಅಳತೆಗಳಿಂದ ಕಂಪ್ಯೂಟರಿನಲ್ಲಿ ಪ್ರತಿಧ್ವನಿಗಳನ್ನು ಕಟ್ಟಿದೆ.

150 ಮೆಗಾಹರ್ಟ್ಸ್‌ಗೆ 1 ಮೀಟರ್ ವಿವರ ಸಿಗುತ್ತದೆ, ಅಂದರೆ ರೇಡಾರ್ ದೂರವನ್ನು 1 ಮೀಟರಿನ ಮನೆಗಳಾಗಿ ವಿಂಗಡಿಸಿ ನೋಡುತ್ತದೆ. ಮೂತಿ ನಮ್ಮತ್ತ ಇರುವ 20 ಮೀಟರ್ ಬೋಟು ಸುಮಾರು 20 ಮನೆಗಳಲ್ಲಿ ಹರಡಿ, ಕ್ಯಾಬಿನ್, ಕಂಬ ಎಲ್ಲವೂ ಬೇರೆ ಬೇರೆ ಉಬ್ಬುಗಳಾಗಿ ಕಾಣುತ್ತವೆ. ಅಡ್ಡ ತಿರುಗಿದರೆ ಐದಾರು ಮನೆಗಳಿಗೆ ಕುಗ್ಗುತ್ತದೆ. ಇದಕ್ಕೆ ಹಲವು ಕೋನಗಳ ಮಾದರಿಗಳು ಬೇಕು, ಅಷ್ಟೆ.

ನನ್ನನ್ನು ಮುಳುಗಿಸಿದ್ದು ಜಾಮಿಂಗ್ ಅಧ್ಯಾಯ. ಜಾಮರ್ ಎಂದರೆ ಬರೀ ಗದ್ದಲ ಎಂದುಕೊಂಡು ಗದ್ದಲವನ್ನಷ್ಟೇ ಸೇರಿಸಿ ಪರೀಕ್ಷಿಸಿದ್ದೆ. ನನ್ನ ಪಲ್ಸ್ 20 ಮೈಕ್ರೋಸೆಕೆಂಡಿನ ಚಿರ್ಪ್, ಅಂದರೆ ಆವರ್ತನ ಒಂದೇ ಸಮನೆ ಏರುತ್ತಲೋ ಇಳಿಯುತ್ತಲೋ ಹೋಗುವ ಅಲೆ. 150 ಮೆಗಾಹರ್ಟ್ಸ್‌ನೊಂದಿಗೆ ಗುಣಿಸಿದರೆ 3000. ಮರಳಿದ ಅಲೆಯನ್ನು ಕಳಿಸಿದ ಚಿರ್ಪಿನೊಂದಿಗೆ ಹೊಂದಿಸಿ ನೋಡುವ ಪಲ್ಸ್ ಸಂಕೋಚನದಲ್ಲಿ ನಿಜವಾದ ಪ್ರತಿಧ್ವನಿ ಗದ್ದಲಕ್ಕಿಂತ ಅಷ್ಟು ಪಟ್ಟು ಮೇಲೇರುತ್ತದೆ. ಬ್ಯಾಂಡ್ ಅಗಲವಾದಷ್ಟೂ ಗದ್ದಲದ ಜಾಮರ್ ತನ್ನ ಶಕ್ತಿಯನ್ನು ತೆಳುವಾಗಿ ಹರಡಬೇಕಾಗುತ್ತದೆ. ಹಾಗಾಗಿ ನನ್ನ ಫಲಿತಾಂಶಗಳು ಬೆಳ್ಳಗೆ ಹೊಳೆಯುತ್ತಿದ್ದವು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೇಳಿದ್ದು ಒಂದೇ: “ನಿಮ್ಮ ಚಿರ್ಪನ್ನೇ ನಕಲು ಮಾಡಿ ಹಿಂದಕ್ಕೆ ಕಳಿಸಿದರೆ?” ಡಿಆರ್‌ಎಫ್‌ಎಂ ಎಂಬ ಡಿಜಿಟಲ್ ಸ್ಮೃತಿಯ ಜಾಮರ್ ಮಾಡುವುದು ಅದನ್ನೇ. ನಕಲು ಅಸಲಿನಂತೆಯೇ ಇರುವುದರಿಂದ ಆ 3000 ಪಟ್ಟಿನ ಲಾಭ ಅದಕ್ಕೂ ದಕ್ಕುತ್ತದೆ. ನಕಲುಗಳನ್ನು ಬೇರೆ ಬೇರೆ ವಿಳಂಬದಲ್ಲಿ ಪೋಣಿಸಿದರೆ ಟ್ರಾಲ್ ಬೋಟು ಸರಕು ಹಡಗಾಗುತ್ತದೆ. ಚಿರ್ಪಿನಲ್ಲಿ ಆವರ್ತನವೂ ಸಮಯವೂ ಜೊತೆಗೇ ಸಾಗುವುದರಿಂದ, ನಕಲಿನ ಆವರ್ತನವನ್ನು 1.5 ಮೆಗಾಹರ್ಟ್ಸ್ ಸರಿಸಿದರೆ ಸುಳ್ಳು ಬೋಟು 30 ಮೀಟರ್ ಜರುಗುತ್ತದೆ. ನಿಜವಾದ ಬೋಟಿಗಿಂತ ಮುಂದಕ್ಕೂ ತರಬಹುದು. ನನ್ನಲ್ಲಿ ಉತ್ತರವಿರಲಿಲ್ಲ, ಡಿಸೆಂಬರಿನವರೆಗೆ ಮರುಕೆಲಸ, ಕೈಯಲ್ಲಿದ್ದ ಕೆಲಸವೂ ಹೋಯಿತು.

ಆದ್ದರಿಂದ 150 ಅಥವಾ 500 ಎಂಬ ಪ್ರಶ್ನೆಯನ್ನೇ ಬಿಡಿ. ಬ್ಯಾಂಡ್‌ವಿಡ್ತ್ ವಿವರ ಕೊಡುತ್ತದೆ, ವಿವರ ಯಾರದ್ದೆಂದು ಹೇಳುವುದಿಲ್ಲ. ಪ್ರತಿ ಪಲ್ಸಿನಲ್ಲೂ ಚಿರ್ಪಿನ ಇಳಿಜಾರನ್ನೋ ಸಂಕೇತವನ್ನೋ ಬದಲಿಸಿ, ಹಳೆಯ ಪಲ್ಸಿನ ನಕಲು ಆಗ ಹೊಂದುವುದಿಲ್ಲ. ಬಂದ ಪಲ್ಸನ್ನೇ ಕೂಡಲೇ ಮರಳಿಸುವ ಜಾಮರ್‌ಗೆ ಇದೂ ಸಾಲದು. ಅದಕ್ಕಾಗಿ ವರ್ಗೀಕರಣದಲ್ಲಿ “ಗೊತ್ತಿಲ್ಲ” ಎನ್ನುವ ಉತ್ತರಕ್ಕೂ ಜಾಗವಿಡಿ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಿ. ಅನುಮತಿಯಿಲ್ಲದೆ ನಿಜವಾದ ಜಾಮರ್ ಬಳಸುವುದು ನಮ್ಮಲ್ಲಿ ಕಾನೂನುಬಾಹಿರ.