ಮೊದಲ ಬಾರಿ ಐವಿಎಫ್‌ ಮಾಡಿಸಿಕೊಳ್ಳುವವರು ಏನನ್ನು ತಿಳಿದಿರಬೇಕು?

ನಿಮಗೆ 34 ವರ್ಷವೆಂದೂ ಮುಂದಿನ ತಿಂಗಳು ಐವಿಎಫ್‌ (ಅಂಡಾಣುವನ್ನು ದೇಹದ ಹೊರಗೆ, ಲ್ಯಾಬ್‌ನಲ್ಲಿ ಫಲಿತಗೊಳಿಸಿ, ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಆರಂಭವಾಗಲಿದೆಯೆಂದೂ ಬರೆದು, ಇಂಜೆಕ್ಷನ್‌ಗಳ ನೋವನ್ನು ತಡೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಈ ಚಿಕಿತ್ಸೆಯನ್ನು ಪಡೆದವಳಾಗಿ ಹೇಳುತ್ತೇನೆ: ಆ ನೋವನ್ನು ಖಂಡಿತ ತಡೆದುಕೊಳ್ಳಬಹುದು. ನನ್ನನ್ನು ಕುಗ್ಗಿಸಿದ್ದು ಹಂತ ಹಂತಕ್ಕೂ ಇಳಿಯುತ್ತಾ ಹೋದ ಅಂಡಾಣು, ಭ್ರೂಣಗಳ ಸಂಖ್ಯೆ.

ಸುಮಾರು ಹತ್ತು ಹನ್ನೆರಡು ದಿನ ಹೊಕ್ಕುಳಿನ ಕೆಳಗೆ, ದಿನಕ್ಕೊಂದು ಕಡೆ, ಸಣ್ಣ ಸೂಜಿಯಿಂದ ಅಂಡಾಣು ಬೆಳೆಸುವ ಔಷಧಿ ಚುಚ್ಚಿಕೊಳ್ಳಬೇಕಾಗುತ್ತದೆ. ನಮ್ಮ ಮನೆಯ ಫ್ರಿಜ್‌ನ ಬಾಗಿಲಿನಲ್ಲಿ ಹಾಲಿನ ಪ್ಯಾಕೆಟ್‌ ಪಕ್ಕದಲ್ಲೇ ಅದರ ಡಬ್ಬಿಗಳಿದ್ದವು. ಬಂದವರ ಕಣ್ಣಿಗೆ ಬೀಳದಂತೆ ಅವುಗಳಿಗೆ ಬಟ್ಟೆಯ ಚೀಲ ಮುಚ್ಚುತ್ತಿದ್ದೆ. ಕೊನೆಯ ಟ್ರಿಗರ್‌ ಇಂಜೆಕ್ಷನ್‌ (ಅಂಡಾಣುಗಳು ಪೂರ್ತಿ ಬಲಿಯುವಂತೆ ಮಾಡುವುದು) ಮಾತ್ರ ಗಡಿಯಾರ ನೋಡಿಯೇ ಆಗಬೇಕು, ಏಕೆಂದರೆ ಅದಾದ 34ರಿಂದ 36 ಗಂಟೆಗಳಲ್ಲಿ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಅದು ಅರಿವಳಿಕೆಯಲ್ಲಿ ನಡೆಯುತ್ತದೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಆಮೇಲೆ ಹೊಟ್ಟೆ ವಿಪರೀತ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ಉಸಿರಾಟ ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಫೋನ್‌ ಮಾಡಿ.

ಮರುದಿನದಿಂದ ಲ್ಯಾಬ್‌ನ ಕರೆಗಳು ಆರಂಭವಾಗುತ್ತವೆ. ತೆಗೆದ ಅಂಡಾಣುಗಳೆಲ್ಲವೂ ಬಲಿತಿರುವುದಿಲ್ಲ. ಬಲಿತವುಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಭಾಗದಷ್ಟು, ವೀರ್ಯಾಣುವಿನೊಂದಿಗೆ ಸೇರಿ ಫಲಿತವಾಗುತ್ತವೆ. ಫಲಿತವಾದವುಗಳಲ್ಲೂ ಐದನೆಯ ದಿನದವರೆಗೆ ಬೆಳೆಯುವುದು ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಕಡಿಮೆ. ಹೀಗಾಗಿ ಹತ್ತು ಅಂಡಾಣುಗಳಿಂದ ಎರಡು ಮೂರು ಭ್ರೂಣಗಳು ಸಿಕ್ಕರೆ ಅದು ಸಹಜವೇ. ಇದನ್ನು ಯಾರೂ ನನಗೆ ಮೊದಲೇ ವಿವರಿಸಿರಲಿಲ್ಲವಾದ್ದರಿಂದ, ಒಂದೊಂದು ಕರೆ ಬಂದಾಗಲೂ ನನ್ನ ದೇಹದಲ್ಲೇ ಏನೋ ಕೊರತೆಯಿದೆ ಎಂದು ಕಣ್ಣೀರಿಟ್ಟೆ. ನಿಮಗೆ ಆ ಸಂಕಟ ಬರಬಾರದೆಂದೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕೊರತೆ ಹೆಣ್ಣಿನದೇ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ; ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿಲ್ಲವಾದರೆ ಚಿಕಿತ್ಸೆಗೆ ಮೊದಲೇ ಮಾಡಿಸಿ. ಕ್ಲಿನಿಕ್‌ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಿ. ಯಶಸ್ಸಿನ ಪ್ರಮಾಣ ಕೇಳುವಾಗ, ಎಷ್ಟು ಜನರಿಗೆ ಪರೀಕ್ಷೆ ಪಾಸಿಟಿವ್‌ ಬಂತು ಎಂಬುದಕ್ಕಿಂತ, ನಿಮ್ಮ ವಯಸ್ಸಿನ ಎಷ್ಟು ಜನರಿಗೆ ಮಗು ಹುಟ್ಟಿತು ಎಂದು ಕೇಳಿ.

ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ಮೇಲಿನ ಸುಮಾರು ಎರಡು ವಾರಗಳೇ ಅತ್ಯಂತ ಕಠಿಣ. ಹಾಸಿಗೆ ಹಿಡಿದು ಮಲಗುವುದರಿಂದ ಪ್ರಯೋಜನವಿಲ್ಲ. ಪ್ರೊಜೆಸ್ಟರಾನ್‌ (ಗರ್ಭ ನಿಲ್ಲಲು ನೆರವಾಗುವ ಹಾರ್ಮೋನು) ಔಷಧಿಯಿಂದಲೇ ಸ್ತನಗಳು ಭಾರವಾಗುವುದು, ಸುಸ್ತಾಗುವುದು ಉಂಟು; ಆ ಲಕ್ಷಣಗಳಿಂದ ಗರ್ಭ ನಿಂತಿದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಲಾಗದು, ರಕ್ತಪರೀಕ್ಷೆಯೇ ಆಗಬೇಕು. “ಏನಾದರೂ ವಿಶೇಷ ಇದೆಯಾ?” ಎಂದು ಕೇಳುವ ಬಂಧುಗಳಿಗೆ ಪರೀಕ್ಷೆಯ ದಿನಾಂಕ ತಿಳಿಸುವ ಅಗತ್ಯವಿಲ್ಲ. ನಾನು ನನ್ನ ಅಕ್ಕನಿಗೊಬ್ಬಳಿಗೇ ಹೇಳಿದ್ದೆ, ಅದರಿಂದ ಮನಸ್ಸು ಹಗುರವಾಗಿತ್ತು.

ಫಲಿತಾಂಶ ನೆಗೆಟಿವ್‌ ಬಂದರೆ ಮುಂದೇನು ಎಂಬುದನ್ನೂ ಈಗಲೇ ವೈದ್ಯರೊಂದಿಗೆ ಮಾತನಾಡಿಕೊಳ್ಳಿ. ಉಳಿದ ಭ್ರೂಣಗಳನ್ನು ಫ್ರೀಜ್‌ ಮಾಡಿಟ್ಟಿದ್ದರೆ, ಎರಡನೆಯ ಪ್ರಯತ್ನಕ್ಕೆ ಅಂಡಾಣು ಬೆಳೆಸುವ ಇಂಜೆಕ್ಷನ್‌ಗಳಾಗಲಿ ಅವುಗಳನ್ನು ಹೊರತೆಗೆಯುವ ಪ್ರಕ್ರಿಯೆಯಾಗಲಿ ಮತ್ತೆ ಬೇಕಾಗುವುದಿಲ್ಲ, ಖರ್ಚೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.