ಸಾಲದಲ್ಲಿ ಮುಳುಗಿದ್ದ ಗ್ರೀಸ್ 2015ರಲ್ಲಿ ಯೂರೋ ಬಿಟ್ಟು ತನ್ನ ಹಳೇ ನಾಣ್ಯ ಡ್ರಾಕ್ಮಾಗೆ ಯಾಕೆ ವಾಪಸ್ ಹೋಗಲಿಲ್ಲ? ಇಷ್ಟೆಲ್ಲ ಆದ ಮೇಲೂ ಬೇರೆ ದೇಶಗಳು ಯೂರೋಗೆ ಯಾಕೆ ಸೇರುತ್ತಿವೆ?

ಸ್ವಂತ ನೋಟು ಇರುವ ದೇಶ ಕಷ್ಟಕ್ಕೆ ಸಿಕ್ಕಿಕೊಂಡರೆ ನೋಟಿನ ಬೆಲೆ ಬೀಳುತ್ತದೆ. ಆಮದು ತುಟ್ಟಿ, ರಫ್ತು ಅಗ್ಗ, ಪ್ರವಾಸಿಗರು ಜಾಸ್ತಿ, ನಿಧಾನಕ್ಕೆ ದೇಶ ಚೇತರಿಸಿಕೊಳ್ಳುತ್ತದೆ. 2008ರ ನಂತರ ಐಸ್‌ಲ್ಯಾಂಡ್‌ನಲ್ಲಿ ಹೆಚ್ಚು ಕಡಿಮೆ ಇದೇ ಆಯಿತು. ಗ್ರೀಸೂ ಇದನ್ನೇ ಮಾಡಬಹುದಿತ್ತಲ್ವಾ ಅನ್ನುವ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಹಾಗಾಗಿ ಠೇವಣಿ ಇಟ್ಟವರ ಕಡೆಯಿಂದ ಹೇಳುತ್ತೇನೆ. ನಿಮ್ಮ ಖಾತೆಯಲ್ಲಿ 10,000 ಯೂರೋ ಇದೆ ಅಂದುಕೊಳ್ಳಿ. ಮುಂದಿನ ವಾರ ಸರ್ಕಾರ ಅದನ್ನು ಡ್ರಾಕ್ಮಾ ಮಾಡುತ್ತದೆ, ಮಾಡಿದ ಮೇಲೆ ಅದರ ಬೆಲೆ ಅರ್ಧಕ್ಕೆ ಇಳಿದರೂ ಇಳಿಯಬಹುದು ಅಂತ ಸುದ್ದಿ ಹಬ್ಬಿದರೆ ಏನು ಮಾಡುತ್ತೀರಿ? ಬೆಳಿಗ್ಗೆ ಬ್ಯಾಂಕು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತೀರಿ. ಎಲ್ಲರೂ ನಿಲ್ಲುತ್ತಾರೆ. ಅಂದರೆ ಯೂರೋ ಬಿಡುವುದೇ ಬೇಡ, ಬಿಡುವ ಮಾತು ಎದ್ದರೇ ಸಾಕು, ಬ್ಯಾಂಕು ಖಾಲಿ.

ಆಗಿದ್ದೂ ಅದೇ. 2015ರಲ್ಲಿ ತಿಂಗಳುಗಟ್ಟಲೆ ಜನ ಹಣ ತೆಗೆಯುತ್ತಲೇ ಇದ್ದರು, ಯುರೋಪಿನ ಕೇಂದ್ರ ಬ್ಯಾಂಕಿನ ಒಪ್ಪಿಗೆಯಿಂದ ಸಿಗುತ್ತಿದ್ದ ತುರ್ತು ಸಾಲದ ಮೇಲೆ ಗ್ರೀಕ್ ಬ್ಯಾಂಕುಗಳು ಉಸಿರಾಡುತ್ತಿದ್ದವು. ಜೂನ್ 28ರಂದು ಆ ಸಾಲ ಇನ್ನು ಹೆಚ್ಚಿಸುವುದಿಲ್ಲ ಅಂತ ತೀರ್ಮಾನವಾಯಿತು, ಮರುದಿನದಿಂದ ಬ್ಯಾಂಕು ಬಂದ್. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. 20ರ ನೋಟು ಮುಗಿದುಹೋಗಿ ಎಷ್ಟೋ ಕಡೆ 50 ಮಾತ್ರ ಬರುತ್ತಿತ್ತು. ಪಿಂಚಣಿ ನಂಬಿದ್ದ ಮುದುಕರಲ್ಲಿ ಬಹಳ ಜನರ ಹತ್ತಿರ ಕಾರ್ಡೇ ಇರಲಿಲ್ಲ. ಅವರಿಗಾಗಿ ಕೆಲವು ಶಾಖೆ ತೆರೆದು 120 ಯೂರೋವರೆಗೆ ಕೊಟ್ಟರು. ಜೀವನಪೂರ್ತಿ ದುಡಿದವರು ತಮ್ಮದೇ ದುಡ್ಡಿಗಾಗಿ ಬಾಗಿಲ ಮುಂದೆ ನೂಕುನುಗ್ಗಲಿನಲ್ಲಿ ನಿಂತಿದ್ದರು. ಕೌಂಟರಿನ ಒಳಗೆ ಕೂರುವ ನನಗೆ ಆ ಫೋಟೋಗಳನ್ನು ಈಗಲೂ ಸಮಾಧಾನವಾಗಿ ನೋಡೋಕಾಗಲ್ಲ.

ಜುಲೈ 5ರ ಜನಮತದಲ್ಲಿ 61% ಜನ ಸಾಲ ಕೊಡುವವರು ಹಾಕಿದ ಷರತ್ತು ಬೇಡ ಅಂದರು. ಅದೇ ಹೊತ್ತಿಗೆ ಸಮೀಕ್ಷೆಗಳಲ್ಲಿ ಬಹುಪಾಲು ಜನ ಯೂರೋ ಮಾತ್ರ ಬೇಕು ಅನ್ನುತ್ತಿದ್ದರು. ಇದರಲ್ಲಿ ನನಗೆ ಗೊಂದಲ ಕಾಣುವುದಿಲ್ಲ. 1990ರ ಸುಮಾರಿಗೆ ವಸ್ತುಗಳ ಬೆಲೆ ವರ್ಷಕ್ಕೆ 20% ಏರುತ್ತಿದ್ದ ಡ್ರಾಕ್ಮಾ ಕಾಲ ಅವರಿಗೆ ಚೆನ್ನಾಗಿ ನೆನಪಿತ್ತು. ಜುಲೈ 13ರಂದು ಪ್ರಧಾನಿ ಸಿಪ್ರಾಸ್ ಷರತ್ತುಗಳಿಗೆ ಒಪ್ಪಿದರು.

ಇನ್ನು ಸಾಲ. 2010ರಲ್ಲಿ ಗ್ರೀಸಿನ ಬಹುತೇಕ ಬಾಂಡುಗಳು, ಅಂದರೆ ಸರ್ಕಾರದ ಸಾಲಪತ್ರಗಳು, ಗ್ರೀಕ್ ಕಾನೂನಿನಡಿ ಇದ್ದವು, ಅವರ ಸಂಸತ್ತೇ ನಿಯಮ ಬದಲಿಸಬಹುದಿತ್ತು. 2012ರಲ್ಲಿ ಸಾಲ ಕೊಟ್ಟಿದ್ದ ಖಾಸಗಿಯವರ ಬಾಂಡಿನ ಮುಖಬೆಲೆಯನ್ನು ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದರು, ಆದರೆ ಬದಲಿಗೆ ಕೊಟ್ಟ ಹೊಸ ಬಾಂಡುಗಳು ಇಂಗ್ಲಿಷ್ ಕಾನೂನಿನಡಿ ಬಂದವು, ಅದು ಗ್ರೀಕ್ ಸಂಸತ್ತಿನ ಕೈಯಲ್ಲಿಲ್ಲ. ಉಳಿದದ್ದು ಹೆಚ್ಚಾಗಿ ಯುರೋಪಿನ ಸರ್ಕಾರಗಳಿಂದ ಬಂದ ಸಾಲ. ಅಂದರೆ 2015ರಲ್ಲಿ ಬಿಟ್ಟಿದ್ದರೆ ಸಂಪಾದನೆ ಡ್ರಾಕ್ಮಾದಲ್ಲಿ, ತೀರಿಸುವುದು ಯೂರೋದಲ್ಲಿ. ಅದೂ ಅಲ್ಲದೆ ಯುರೋಪಿಯನ್ ಒಕ್ಕೂಟದಲ್ಲಿದ್ದುಕೊಂಡೇ ಬರೀ ಯೂರೋ ಬಿಡುವುದು ಹೇಗೆ ಅಂತ ಒಕ್ಕೂಟದ ಒಪ್ಪಂದದಲ್ಲಿ ಬರೆದೇ ಇಲ್ಲ.

ಯೂರೋದ ದೊಡ್ಡ ಕೊರತೆ ಇಲ್ಲೇ ಇದೆ. ಯೂರೋಗೆ ಅಡಿಪಾಯ ಹಾಕಿದ 1992ರ ಮಾಸ್ಟ್ರಿಕ್ಟ್ ಒಪ್ಪಂದ ಸರ್ಕಾರದ ಬಜೆಟ್ ಕೊರತೆ ಜಿಡಿಪಿಯ 3%, ಸಾಲ 60% ಅಂತ ಮಿತಿ ಹಾಕಿತು, ಒಂದು ಕೇಂದ್ರ ಬ್ಯಾಂಕು ಕೊಟ್ಟಿತು, ಎಲ್ಲರಿಗೂ ಸೇರಿದ ಒಂದು ದೊಡ್ಡ ಖಜಾನೆ ಮಾತ್ರ ಕೊಡಲಿಲ್ಲ. ನಮ್ಮಲ್ಲಿ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 4.713%ರಿಂದ 3.647%ಗೆ ಇಳಿದಾಗ ಜಗಳ ಆಡಿದೆವು, ಆಡಲೇಬೇಕಿತ್ತು, ಆದರೆ ಹಂಚೋಕೆ ಒಂದು ಖಜಾನೆ ಇದೆ ಅನ್ನುವುದನ್ನು ಗಮನಿಸಿ. ಜರ್ಮನಿಯ ಮತದಾರ ಗ್ರೀಸಿನ ಜೊತೆ ಅಂಥ ಪಾಲುದಾರಿಕೆಗೆ ಯಾವತ್ತೂ ಒಪ್ಪಿರಲಿಲ್ಲ.

ನನ್ನ ಪ್ರಕಾರ ದೊಡ್ಡ ತಪ್ಪು ನಡೆದದ್ದು 2010ರಲ್ಲಿ. ಗ್ರೀಕ್ ಸರ್ಕಾರ ಲೆಕ್ಕ ಮುಚ್ಚಿಟ್ಟಿತ್ತು, 2009ರ ಬಜೆಟ್ ಕೊರತೆ ಕೊನೆಗೆ ಜಿಡಿಪಿಯ 15% ದಾಟಿತು, ಅದು ನಿಜ. ಆದರೆ ಹೆಚ್ಚು ಕಡಿಮೆ ಜರ್ಮನಿಗೆ ಕೊಡುವಷ್ಟೇ ಕಡಿಮೆ ಬಡ್ಡಿಗೆ ಕಣ್ಣು ಮುಚ್ಚಿ ಸಾಲ ಕೊಟ್ಟ ಬ್ಯಾಂಕುಗಳೂ ಇದ್ದವಲ್ಲ? ಸಾಲವನ್ನು ಆಗಲೇ ಕತ್ತರಿಸಿ ಅವರಿಗೂ ನಷ್ಟ ಹೊರಿಸಬೇಕಿತ್ತು. ಅದರ ಬದಲು 110 ಬಿಲಿಯನ್ ಯೂರೋ ಹೊಸ ಸಾಲ ಕೊಟ್ಟರು, ಅದರಲ್ಲಿ ದೊಡ್ಡ ಪಾಲು ಹಳೇ ಸಾಲ ಕೊಟ್ಟವರಿಗೇ ಹೋಯಿತು, ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳಿಗೂ ಸೇರಿ. ಆ ಸಾಲದಲ್ಲಿ ಪಾಲು ಕೊಟ್ಟಿದ್ದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 2013ರಲ್ಲಿ ತನ್ನ ವರದಿಯಲ್ಲೇ ವೈಫಲ್ಯ ಒಪ್ಪಿಕೊಂಡಿತು. ಅಷ್ಟರಲ್ಲಿ ದೇಶದ ಆರ್ಥಿಕತೆ ಸುಮಾರು ಕಾಲು ಭಾಗ ಕರಗಿತ್ತು, ದುಡಿಯಲು ಸಿದ್ಧರಿದ್ದ ಯುವಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಇರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಬಲ್ಗೇರಿಯಾವನ್ನೇ ನೋಡಿ. 2026ರ ಜನವರಿಯಲ್ಲಿ ಸೇರಿತು. ಅವರ ಲೆವ್ 1999ರಿಂದಲೇ ಯೂರೋಗೆ ಒಂದೇ ದರದಲ್ಲಿ ಕಟ್ಟಿದ ನಾಣ್ಯ, ಬೆಲೆ ಇಳಿಸುವ ದಾರಿ ಮೊದಲೂ ಇರಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಯುರೋಪಿನ ಕೇಂದ್ರ ಬ್ಯಾಂಕಿನ ಸಭೆಯಲ್ಲಿ ತೀರ್ಮಾನವಾದ ಬಡ್ಡಿದರದ ಬಿಸಿ ಅವರಿಗೆ ಹೇಗೂ ತಟ್ಟುತ್ತಿತ್ತು, ಈಗ ಆ ಸಭೆಯಲ್ಲಿ ಅವರಿಗೂ ಒಂದು ಕುರ್ಚಿ ಇದೆ.